ರೋಮ್ ನಗರದ ವಾಸ್ತು: ಹಳತು–ಹೊಸತುಗಳ ವಿವೇಚನೆ

೧

ರೋಮ್ ನಗರದ ವಾಸ್ತುವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆ ನಗರವನ್ನು ಕಾಲಾನುಕ್ರಮದಲ್ಲಿ ಹಂಚಿಕೊಳ್ಳುತ್ತಾರೆ. ಪ್ರಾಚೀನ ರೋಮ್ ಒಬ್ಬರ ಪಾಲು. ಪೋಪರ ರೋಮ್ ಇನ್ನೊಬ್ಬರದು. ೧೮೭೦ರಲ್ಲಿ ಇಟಲಿಯ ರಾಜ್ಯಕ್ಕೆ ಸೇರಿದ ಮೇಲಿನ ಆಧುನಿಕ ರೋಮ್ ಮತ್ತೊಬ್ಬರದು. ನಮ್ಮ ಕಾಲೇಜುಗಳ ಪಾಠಕ್ರಮವೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆಯುತ್ತದೆ. ಕ್ರಿ. ಶ. ೪೭೬ರಲ್ಲಿ ಪಶ್ಚಿಮದ ಸಾಮ್ರಾಜ್ಯ ಕೊನೆಗೊಂಡಿತೆಂದು ಹೇಳಿ ಅಧ್ಯಾಪಕನು ಪುಟ ತಿರುವಿದೊಡನೆ, ವಿದ್ಯಾರ್ಥಿಯ ಮನಸ್ಸಿನಲ್ಲಿ ಆ ನಗರವೂ ಮುಗಿದುಹೋಗುತ್ತದೆ. ಅನಂತರ ಅದು ಭಗ್ನಾವಶೇಷಗಳ ಚಿತ್ರವಾಗಿ ಮಾತ್ರ ಉಳಿಯುತ್ತದೆ. ಈ ವಿಭಾಗಕ್ರಮದಿಂದ ಬೋಧನೆಗೆ ಸೌಕರ್ಯವುಂಟು. ಆದರೆ ನಗರವನ್ನು ಕಾಲ್ನಡಿಗೆಯಲ್ಲಿ ನೋಡಿದವರಿಗೆ ಇದು ಸಮಾಧಾನವನ್ನು ಕೊಡಲಾರದು.

ಪ್ರಸ್ತುತ ಲೇಖನದಲ್ಲಿ ನಾವು ಸ್ಥಾಪಿಸಬಯಸುವ ವಿಚಾರ ಇಷ್ಟೆ. ರೋಮಿನಲ್ಲಿ ಅತ್ಯಂತ ಪ್ರಾಚೀನವೆಂದು ತೋರುವ ನೋಟಗಳಲ್ಲಿ ಹಲವು ಇಪ್ಪತ್ತನೆಯ ಶತಮಾನದ ನಿರ್ಮಾಣಗಳು. ಪ್ರಾಚೀನವಾದುದು ತನ್ನಷ್ಟಕ್ಕೆ ಉಳಿದು ಬಂದಿರುವುದು, ಜನರು ಅದನ್ನು ಬಿಡದೆ ಬಳಸಿಕೊಂಡು ಬಂದ ಕಡೆಗಳಲ್ಲಿ. ಆದುದರಿಂದ ಅಲ್ಲಿಯ ಕಟ್ಟಡವೊಂದನ್ನು ಕುರಿತು ಅದು ಹಳೆಯದೆ ಹೊಸದೆ ಎಂದು ಕೇಳುವುದಕ್ಕಿಂತ, ತನಗಿಂತ ಮುಂಚೆ ಆ ನೆಲದಲ್ಲಿ ಇದ್ದುದರೊಡನೆ ಅದು ಹೇಗೆ ನಡೆದುಕೊಂಡಿತು ಎಂದು ಕೇಳುವುದೇ ಹೆಚ್ಚು ಫಲಕಾರಿಯಾದುದು.

ಇದಕ್ಕೆ ಕಾಲ್ನಡಿಗೆಯೇ ತಕ್ಕ ಮಾರ್ಗ. ನೆಲದ ಏರಿಳಿತ, ಬೀದಿಯ ಬಾಗು, ಹಳೆಯ ಗೋಡೆಯ ಮೇಲೆ ಕೂತ ಹೊಸ ಮನೆ, ಇವು ವಾಹನದಲ್ಲಿ ಸಾಗುವವನ ಕಣ್ಣಿಗೆ ಬೀಳುವುದು ಕಷ್ಟ. ತೆರ್ಮಿನಿ ರೈಲುನಿಲ್ದಾಣದಿಂದ ಹೊರಟು, ವೆನೇಟ್ಸಿಯಾ ಚೌಕದ ಮೂಲಕ ಟೈಬರ್ ನದಿಯ ಬಳಸಿನಲ್ಲಿರುವ ಹಳೆಯ ಪೇಟೆಗಳನ್ನು ಹಾದು, ಉತ್ತರದ ಫ್ಲಮಿನಿಯೊ ಬಡಾವಣೆಯನ್ನು ಮುಟ್ಟುವ ದಾರಿಯನ್ನು ನಾವು ಇಲ್ಲಿ ಹಿಡಿದಿದ್ದೇವೆ. ನಿಂತು ನೋಡುತ್ತ ನಡೆದರೆ ಇದು ಎರಡು ದಿನದ ದಾರಿ. ಜೊತೆಗೆ ಜಂಬಾಟಿಸ್ಟಾ ನೊಲ್ಲಿ ೧೭೪೮ರಲ್ಲಿ ಪ್ರಕಟಿಸಿದ ನಗರದ ನಕ್ಷೆಯ ಪ್ರತಿಯೊಂದು ಕೈಯಲ್ಲಿದ್ದರೆ, ಈಗ ಇರುವುದನ್ನು ಮಾತ್ರವಲ್ಲದೆ ಈಗ ಇಲ್ಲದಿರುವುದನ್ನೂ ನೋಡಬಹುದು.

೨

ತೆರ್ಮಿನಿ ನಿಲ್ದಾಣದ ಮುಂಭಾಗದ ಪಕ್ಕದಲ್ಲೇ ಕಂದುಬಣ್ಣದ ದೊಡ್ಡ ಕಲ್ಲುಗಳ ಒಂದು ಗೋಡೆ ನಿಂತಿದೆ. ಸಂಪ್ರದಾಯವು ಇದನ್ನು ಸರ್ವಿಯಸ್ ಟುಲ್ಲಿಯಸ್ ಎಂಬ ಅರಸನಿಗೆ ಆರೋಪಿಸುತ್ತದೆ. ಆದರೆ ಈಗ ಕಾಣುವ ಕೋಟೆಗೋಡೆ ಕ್ರಿ. ಪೂ. ನಾಲ್ಕನೆಯ ಶತಮಾನದ್ದು, ಗಾಲರು ನಗರವನ್ನು ಸೂರೆಗೊಂಡ ಅನಂತರ ಕಟ್ಟಿದುದು. ಅದರ ಮಗ್ಗುಲಿನ ನಿಲ್ದಾಣದ ಚರಿತ್ರೆಯೂ ಗಮನಾರ್ಹ. ೧೯೩೮ರಿಂದ ಆಂಜಿಯೊಲೊ ಮಜ್ಜೋನಿ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಎರಡು ಪಾರ್ಶ್ವಗಳ ಉದ್ದನೆಯ ಕಟ್ಟಡಗಳು ಎದ್ದವು. ಮುಂಭಾಗಕ್ಕೆ ಭಾರಿ ಕಂಬಸಾಲೊಂದನ್ನು ಅವನು ಯೋಚಿಸಿದ್ದನು. ಯುದ್ಧದಿಂದ ಕೆಲಸ ನಿಂತಿತು. ಯುದ್ಧಾನಂತರ ಆ ಕಂಬಸಾಲನ್ನು ಕೈಬಿಟ್ಟು, ೧೯೪೭ರಲ್ಲಿ ಹೊಸದಾಗಿ ಸ್ಪರ್ಧೆ ನಡೆಸಿದರು. ಅದರಲ್ಲಿ ಗೆದ್ದ ಎರಡು ತಂಡಗಳು, ಮೊಂಟುವೋರಿ ಮತ್ತು ವಿಟೆಲ್ಲೋಟ್ಸಿ ಮೊದಲಾದವರು, ಕೂಡಿ ರಚಿಸಿದ ಮುಂಭಾಗ ೧೯೫೦ರಲ್ಲಿ ಮುಗಿಯಿತು.

ಈ ಮುಂಭಾಗದಲ್ಲಿ ಕಂಬಸಾಲಿನ ಆಡಂಬರವಿಲ್ಲ. ಕಾಂಕ್ರೀಟಿನ ಚಾವಣಿಯೊಂದು ಅಲೆಯಂತೆ ಏರಿ ಇಳಿದು ಚೌಕದ ಕಡೆಗೆ ಚಾಚಿಕೊಂಡಿದೆ. ಅದರ ಕೆಳಗೆ ಗಾಜಿನ ಗೋಡೆ. ಚಾವಣಿಯ ಬಾಗು ಪಕ್ಕದ ಹಳೆಯ ಗೋಡೆಯ ಏರಿಳಿತಕ್ಕೆ ಹೊಂದುವಂತೆ ಇದೆಯೆಂದು ಹಲವರು ಹೇಳಿದ್ದಾರೆ. ಆ ಹೋಲಿಕೆಯನ್ನು ಒಪ್ಪಲಿ ಬಿಡಲಿ, ಒಂದು ಮಾತು ಸ್ಪಷ್ಟ. ಇಪ್ಪತ್ತುಮೂರು ಶತಮಾನಗಳಷ್ಟು ಹಳೆಯ ಗೋಡೆಗೆ ಎಡೆಮಾಡಿಕೊಟ್ಟು ನಿಂತರೂ ಹೊಸ ಕಟ್ಟಡ ತನ್ನ ಹೊಸತನವನ್ನು ಮರೆಮಾಚಿಲ್ಲ. ಹಳೆಯದರ ವೇಷವನ್ನೂ ಹಾಕಿಲ್ಲ. ನಮ್ಮ ವಿವೇಚನೆಗೆ ಇದು ಮೊದಲನೆಯ ನಿದರ್ಶನ.

ನಿಲ್ದಾಣದಿಂದ ಕೆಲವೇ ನಿಮಿಷಗಳ ದಾರಿಯಲ್ಲಿ ಎರಡನೆಯ ನಿದರ್ಶನವಿದೆ. ಡಯೊಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹಗಳು ಕ್ರಿ. ಶ. ನಾಲ್ಕನೆಯ ಶತಮಾನದ ಆದಿಯಲ್ಲಿ ಪೂರ್ಣಗೊಂಡವು. ೧೫೬೧ರಲ್ಲಿ ನಾಲ್ಕನೆಯ ಪಯಸ್ ಪೋಪನು ಅದರ ನಡುಮನೆಯನ್ನು ಚರ್ಚಾಗಿ ಮಾರ್ಪಡಿಸುವ ಕೆಲಸವನ್ನು ವೃದ್ಧನಾದ ಮೈಕೆಲೇಂಜಲೊನಿಗೆ ವಹಿಸಿದನು. ಮೈಕೆಲೇಂಜಲೊ ಅಲ್ಲಿ ಮಾಡಿದುದು ಆಶ್ಚರ್ಯಕರವಾಗುವಷ್ಟು ಕಡಮೆ. ಪ್ರಾಚೀನರ ಕಮಾನುಚಾವಣಿಯನ್ನೂ ಎಂಟು ಗ್ರಾನೈಟ್ ಕಂಬಗಳನ್ನೂ ಇದ್ದಲ್ಲಿಯೇ ಇರಗೊಟ್ಟು, ನೆಲವನ್ನು ಮಾತ್ರ ಎತ್ತರಿಸಿ, ಆ ವಿಶಾಲವಾದ ಅವಕಾಶವನ್ನೇ ಚರ್ಚೆಂದು ಒಪ್ಪಿಕೊಂಡನು. ಈಗ ಪ್ರವಾಸಿಗಳು ಚೌಕದಿಂದ ನೋಡುವ, ಒಳಕ್ಕೆ ಬಾಗಿದ ಬರಿಯ ಇಟ್ಟಿಗೆಯ ಮುಂಭಾಗವು ಸ್ನಾನಗೃಹದ ಗೋಡೆಯೇ ಹೌದು. ಆದರೆ ಅದರ ಮುಂದೆ ಹದಿನೆಂಟನೆಯ ಶತಮಾನದಲ್ಲಿ ವಾನ್ವಿಟೆಲ್ಲಿ ಕಟ್ಟಿದ್ದ ಅಲಂಕೃತ ಮುಂಭಾಗವೊಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಅಂದರೆ ಗೋಡೆಯ ವಯಸ್ಸು ಸಾವಿರದ ಏಳುನೂರು ವರ್ಷ. ಆ ಗೋಡೆಯ ಈ ನೋಟದ ವಯಸ್ಸು ಒಂದು ಶತಮಾನಕ್ಕೆ ಸ್ವಲ್ಪ ಹೆಚ್ಚು. ಈ ಎರಡು ಕಾಲಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸ ರೋಮಿನಲ್ಲಿ ನಡೆಯುವವನಿಗೆ ಅತ್ಯವಶ್ಯಕ.

ಎದುರಿನ ಚೌಕದ ಅರ್ಧಚಂದ್ರಾಕಾರವೂ ಅಕಸ್ಮಾತ್ತಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಯೆಟಾನೊ ಕೋಖ್ ಅಲ್ಲಿ ರಚಿಸಿದ ಕಂಬಸಾಲಿನ ಕಟ್ಟಡಗಳು ಸ್ನಾನಗೃಹದ ಹೊರಾವರಣದ ಬಾಗನ್ನೇ ಅನುಸರಿಸಿವೆ. ಹೊಸ ರಾಜಧಾನಿಯ ಬ್ಯಾಂಕು, ಹೋಟೆಲುಗಳ ಯುಗದಲ್ಲಿಯೂ ನೆಲದ ಹಳೆಯ ಗೆರೆ ಅಳಿಯಲಿಲ್ಲ.

೩

ಇಲ್ಲಿಂದ ನಾತ್ಸಿಯೊನಾಲೆ ಬೀದಿಯನ್ನು ಇಳಿದು ವೆನೇಟ್ಸಿಯಾ ಚೌಕಕ್ಕೆ ಬಂದರೆ, ಇದಕ್ಕೆ ತೀರ ವಿರುದ್ಧವಾದ ಮನೋಧರ್ಮವನ್ನು ಎದುರಿಸುತ್ತೇವೆ. ಎರಡನೆಯ ವಿಕ್ಟರ್ ಇಮ್ಯಾನುಯಲ್ ರಾಜನ ಸ್ಮಾರಕದ ಕೆಲಸ ಸಕ್ಕೋನಿಯ ಯೋಜನೆಯಂತೆ ೧೮೮೫ರಲ್ಲಿ ಆರಂಭವಾಗಿ, ೧೯೧೧ರಲ್ಲಿ ಉದ್ಘಾಟನೆಯಾಯಿತು. ರೋಮಿನ ಕಟ್ಟಡಗಳ ಹದವಾದ ಬಣ್ಣಕ್ಕೆ ಕಾರಣವಾದ ಟ್ರಾವರ್ಟೈನ್ ಕಲ್ಲನ್ನು ಬಿಟ್ಟು, ಬ್ರೆಷಿಯಾ ಪ್ರಾಂತದಿಂದ ತಂದ ಬೊಟ್ಟಿಚೀನೊ ಎಂಬ ಅಚ್ಚಬಿಳಿಯ ಕಲ್ಲನ್ನು ಇಲ್ಲಿ ಬಳಸಿದರು. ಕ್ಯಾಪಿಟೊಲೈನ್ ಗುಡ್ಡದ ಆ ಮಗ್ಗುಲಿನಲ್ಲಿದ್ದ ಮಧ್ಯಯುಗದ ಮನೆಗಳೂ, ಮೂರನೆಯ ಪಾಲ್ ಪೋಪನ ಗೋಪುರವೂ, ಅರಾಚೇಲಿ ಮಠದ ಅಂಗಳಗಳೂ ಇದಕ್ಕಾಗಿ ನೆಲಸಮವಾದವು. ಸ್ಮಾರಕದ ಗಾತ್ರವನ್ನು ಹಳಿಯುವುದು ವಾಡಿಕೆಯಾಗಿದೆ. ನಮ್ಮ ಆಕ್ಷೇಪ ಗಾತ್ರದ ಮೇಲಲ್ಲ. ತಾನು ನಿಂತ ನೆಲದ ಯಾವ ಸಂಗತಿಯನ್ನೂ ಅದು ತನ್ನೊಳಗೆ ಸೇರಿಸಿಕೊಳ್ಳದೆ ಇರುವುದೇ ಅದರ ದೊಡ್ಡ ಕೊರತೆ.

ಸ್ಮಾರಕದ ಬದಿಯಲ್ಲಿಯೇ, ಬಹುಮಂದಿ ನೋಡದೆ ಮುಂದುವರಿಯುವ ಒಂದು ತಗ್ಗಿನಲ್ಲಿ, ಕ್ರಿ. ಶ. ಎರಡನೆಯ ಶತಮಾನದ ಬಾಡಿಗೆಮನೆಗಳ ಕಟ್ಟಡವೊಂದಿದೆ. ಕೆಳಗೆ ಅಂಗಡಿಗಳು, ಮೇಲೆ ಅಂತಸ್ತುಗಳು. ಸಾಮಾನ್ಯ ರೋಮನ್ ಪ್ರಜೆ ಹೇಗೆ ಬಾಳಿದನೆಂಬುದಕ್ಕೆ ನಗರಮಧ್ಯದಲ್ಲಿ ಉಳಿದಿರುವ ಅಪೂರ್ವ ಸಾಕ್ಷ್ಯವಿದು. ಇದು ಉಳಿದುದು ಹೇಗೆ? ಮಧ್ಯಯುಗದಲ್ಲಿ ಇದರೊಳಗೆ ಒಂದು ಚರ್ಚು ಸೇರಿಕೊಂಡಿತು. ಹದಿನೇಳನೆಯ ಶತಮಾನದಲ್ಲಿ ಅದರ ಸ್ಥಾನದಲ್ಲಿ ಸಂತ ರೀತಾಳ ಚರ್ಚು ಎದ್ದಿತು. ೧೯೨೦ರ ದಶಕದ ಕೊನೆಯಲ್ಲಿ ಆ ಚರ್ಚನ್ನು ಬಿಚ್ಚಿದಾಗ ಹಳೆಯ ಮನೆ ಬೆಳಕಿಗೆ ಬಂದಿತು. ಬಿಚ್ಚಿದ ಚರ್ಚನ್ನು ೧೯೪೦ರಲ್ಲಿ ಮಾರ್ಸೆಲಸ್ ರಂಗಮಂದಿರದ ಬಳಿ ಮತ್ತೆ ಜೋಡಿಸಿದರು. ಹದಿನೇಳನೆಯ ಶತಮಾನದ ಚರ್ಚು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಬೀದಿಗೆ ಒಕ್ಕಲು ಹೋಯಿತು. ಇಂಥ ಕಟ್ಟಡಕ್ಕೆ ಯಾವ ಕಾಲವೆಂದು ಫಲಕ ಬರೆಯಬೇಕು?

ಈ ಬಿಚ್ಚುವ ಕಾರ್ಯಕ್ಕೆ ಹಿನ್ನೆಲೆಯಾಗಿದ್ದುದು ಫ್ಯಾಸಿಸ್ಟ್ ಸರ್ಕಾರದ ನಗರನೀತಿ. ೧೯೨೫ರ ಕೊನೆಯ ದಿನ ಮಾಡಿದ ಭಾಷಣದಲ್ಲಿ ಮುಸ್ಸೊಲಿನಿಯು ಪ್ರಾಚೀನ ಸ್ಮಾರಕಗಳನ್ನು ಅವುಗಳಿಗೆ ಅಂಟಿಕೊಂಡಿರುವ ಶತಮಾನಗಳ ಕಟ್ಟಡಗಳಿಂದ ಬಿಡಿಸಬೇಕೆಂದು ಅಪ್ಪಣೆಯಿತ್ತನು. ಅಂದಿನವರು ಇದನ್ನು ಬಿಡುಗಡೆಯೆಂದು ಕರೆದರು. ಇದರ ಪರಮಾವಧಿಯನ್ನು ವೆನೇಟ್ಸಿಯಾ ಚೌಕದಿಂದ ಕೊಲೊಸಿಯಮ್‌ವರೆಗಿನ ನೇರ ಹೆದ್ದಾರಿಯಲ್ಲಿ ಕಾಣಬಹುದು. ಸುಮಾರು ೮೫೦ ಮೀಟರ್ ಉದ್ದದ ಈ ದಾರಿಯನ್ನು ಸಾಮ್ರಾಜ್ಯದ ದಾರಿಯೆಂಬ ಹೆಸರಿನಿಂದ ೧೯೩೨ರ ಅಕ್ಟೋಬರ್ ೨೮ರಂದು ತೆರೆದರು. ಅಂದು ಫ್ಯಾಸಿಸ್ಟರು ಅಧಿಕಾರಕ್ಕೆ ಬಂದ ರೋಮ್ ಮುತ್ತಿಗೆಯ ಹತ್ತನೆಯ ವಾರ್ಷಿಕ. ಇದಕ್ಕಾಗಿ ಅಲೆಸ್ಸಾಂಡ್ರೀನೊ ಎಂಬ ಜನನಿಬಿಡ ಪೇಟೆ ಅಳಿಯಿತು. ವೇಲಿಯಾ ಎಂಬ ದಿಣ್ಣೆಯನ್ನೇ ಕಡಿದು ಸಮ ಮಾಡಿದರು. ಅಲ್ಲಿಯ ನಿವಾಸಿಗಳು ಊರಾಚೆಯ ಹೊಸ ವಸತಿಗಳಿಗೆ ಹೋಗಬೇಕಾಯಿತು.

ಚೌಕದಲ್ಲಿ ನಿಂತು ದಾರಿಯ ತುದಿಯಲ್ಲಿ ಕೊಲೊಸಿಯಮ್ ಅನ್ನು ನೋಡುವವರು ಇದೇ ಸೀಸರರು ಕಂಡ ರೋಮೆಂದು ಭಾವಿಸುವುದು ಸಹಜ. ವಾಸ್ತವವಾಗಿ ಯಾವ ಸೀಸರನೂ ಈ ನೋಟವನ್ನು ಕಂಡಿರಲಿಲ್ಲ. ನಡುವೆ ವೇಲಿಯಾ ದಿಣ್ಣೆ ಅಡ್ಡವಿತ್ತು. ಇನ್ನೂ ವಿಪರ್ಯಾಸವೆಂದರೆ, ಚಕ್ರವರ್ತಿಗಳ ಸಭಾಚೌಕಗಳನ್ನು ಬಿಡಿಸುವುದಕ್ಕೆಂದು ಅಗೆದ ನೆಲದ ಬಹುಭಾಗವನ್ನು ಈ ದಾರಿಯೇ ಮತ್ತೆ ಮುಚ್ಚಿತು. ಮೆರವಣಿಗೆಯ ಅವಶ್ಯಕತೆ ಇತಿಹಾಸದ ಅವಶ್ಯಕತೆಯನ್ನು ಗೆದ್ದಿತು. ಆಂಟೋನಿಯೊ ಚೆದೆರ್ನಾ ೧೯೭೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಗರನೀತಿಯನ್ನು ವಿಸ್ತಾರವಾಗಿ ಖಂಡಿಸಿದ್ದಾನೆ.

ಗುಡ್ಡವನ್ನು ಬಳಸಿ ನದಿಯ ಕಡೆಗೆ ನಡೆದರೆ ಮಾರ್ಸೆಲಸ್ ರಂಗಮಂದಿರ. ಆಗಸ್ಟಸನು ತನ್ನ ಅಳಿಯನ ಹೆಸರಿನಲ್ಲಿ ಪೂರೈಸಿದ ಈ ಕಟ್ಟಡ ಮಧ್ಯಯುಗದಲ್ಲಿ ಕೋಟೆಯಾಯಿತು; ಹದಿನಾರನೆಯ ಶತಮಾನದಲ್ಲಿ ಬಾಲ್ದಸ್ಸಾರೆ ಪೆರುಟ್ಸಿ ಅದರ ಮೇಲೆ ಸವೆಲ್ಲಿ ಮನೆತನಕ್ಕಾಗಿ ಅರಮನೆ ಕಟ್ಟಿದನು; ಅರ್ಧ ಹೂತುಹೋಗಿದ್ದ ಕಮಾನುಗಳಲ್ಲಿ ಅಂಗಡಿಗಳು ನಡೆಯುತ್ತಿದ್ದವು. ಎದುರಿನ ಮೊಂಟನಾರಾ ಚೌಕದಲ್ಲಿ ಹಳ್ಳಿಗಾಡಿನ ಕೂಲಿಗಳು ಕೆಲಸ ಹುಡುಕಿಕೊಂಡು ಸೇರುತ್ತಿದ್ದರು. ೧೯೨೬ರಿಂದ ೧೯೩೨ರವರೆಗೆ ನಡೆದ ಬಿಡುಗಡೆಯಲ್ಲಿ ಅಂಗಡಿಗಳನ್ನು ತೆಗೆದು, ಚೌಕವನ್ನು ಅಳಿಸಿ, ನೆಲವನ್ನು ತಗ್ಗಿಸಿ, ಅಲ್ಲಲ್ಲಿ ಹೊಸ ಆಧಾರಗಳನ್ನು ಕಟ್ಟಿದರು. ಕಮಾನುಗಳ ಪ್ರಮಾಣ ಈಗ ಸೊಗಸಾಗಿ ಕಾಣುತ್ತದೆ, ನಿಜ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಮೇಲಿನ ಅರಮನೆಯನ್ನು ಅವರು ಮುಟ್ಟಲಿಲ್ಲ. ಅಲ್ಲಿ ಇಂದಿಗೂ ಜನ ವಾಸಿಸುತ್ತಾರೆ. ಶ್ರೀಮಂತರ ಮನೆ ಇತಿಹಾಸವೆನಿಸಿತು, ಕೂಲಿಗಳ ಚೌಕ ಕಸವೆನಿಸಿತು. ಇದು ವಾಸ್ತುಶಾಸ್ತ್ರದ ತೀರ್ಮಾನವಲ್ಲ.

೪

ಬಿಡುಗಡೆಯ ಕೈಗೆ ಸಿಕ್ಕದೆ ಉಳಿದ ಬೀದಿಗಳಲ್ಲಿ ಪ್ರಾಚೀನತೆಯ ಇನ್ನೊಂದು ರೂಪ ದೊರೆಯುತ್ತದೆ. ರಂಗಮಂದಿರದ ಸಮೀಪದಲ್ಲಿಯೇ ಆಗಸ್ಟಸನ ಸೋದರಿ ಆಕ್ಟೇವಿಯಾಳ ಹೆಸರಿನ ಕಂಬಸಾಲಿದೆ. ಕ್ರಿ. ಶ. ೨೦೩ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಇದನ್ನು ಜೀರ್ಣೋದ್ಧಾರ ಮಾಡಿದನು. ಅದರೊಳಗೆ ಎಂಟನೆಯ ಶತಮಾನದಿಂದ ಒಂದು ಚರ್ಚಿದೆ. ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅಲ್ಲಿಯೇ ಮೀನಿನ ಸಂತೆ. ಫಲಕದ ಉದ್ದಕ್ಕಿಂತ ದೊಡ್ಡದಾದ ಮೀನಿನ ತಲೆಯನ್ನು ನಗರದ ಅಧಿಕಾರಿಗಳಿಗೆ ಒಪ್ಪಿಸಬೇಕೆಂಬ ಶಾಸನವುಳ್ಳ ಅಮೃತಶಿಲೆಯ ಫಲಕವೊಂದು ಇನ್ನೂ ಇದೆ. ಚಕ್ರವರ್ತಿಯ ಶಾಸನದಷ್ಟೇ ಇದೂ ಇತಿಹಾಸದ ಆಕರವೆಂದು ನಾವು ಎಣಿಸುತ್ತೇವೆ. ೧೫೫೫ರಿಂದ ಯೆಹೂದ್ಯರನ್ನು ಕೂಡಿಹಾಕಿದ್ದ ಪೇಟೆಯೂ ಇದೇ. ೧೯೪೩ರ ಅಕ್ಟೋಬರ್ ೧೬ರಂದು ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ಜರ್ಮನರು ರೋಮಿನಿಂದ ಹಿಡಿದೊಯ್ದಾಗ ಮೊದಲು ಮುತ್ತಿಗೆಗೆ ಒಳಗಾದುದೂ ಈ ಬೀದಿಗಳೇ. ಕಂಬಸಾಲಿನ ವಾಸ್ತುವನ್ನು ಮಾತ್ರ ನೋಡಿ ಮುಂದೆ ಹೋಗುವವನು ಇಲ್ಲಿ ಅರ್ಧವನ್ನೂ ನೋಡಿದಂತಾಗುವುದಿಲ್ಲ.

ಸ್ವಲ್ಪ ಉತ್ತರಕ್ಕೆ ಅರ್ಜೆಂಟೀನಾ ಚೌಕ. ನಮ್ಮ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ೧೯೨೬–೨೯ರಲ್ಲಿ ಇಲ್ಲಿಯ ಮನೆಗಳನ್ನೂ ಒಂದು ಚರ್ಚನ್ನೂ ಕೆಡವಿದಾಗ ಗಣರಾಜ್ಯ ಕಾಲದ ನಾಲ್ಕು ದೇವಾಲಯಗಳು ದೊರೆತವು. ಕ್ರಿ. ಪೂ. ೪೪ರಲ್ಲಿ ಜೂಲಿಯಸ್ ಸೀಸರನ ಕೊಲೆ ನಡೆದ ಸಭಾಭವನದ ಅಸ್ತಿಭಾರದ ಭಾಗವೂ ಅಲ್ಲಿದೆ. ಕೆಡವದಿದ್ದರೆ ಈ ಜ್ಞಾನ ನಮಗೆ ಲಭಿಸುತ್ತಿರಲಿಲ್ಲ. ಇದನ್ನು ಒಪ್ಪದಿರುವುದು ಪಕ್ಷಪಾತವಾದೀತು. ಆದುದರಿಂದ ಏನನ್ನೂ ತೆಗೆಯಬಾರದೆಂಬುದು ನಮ್ಮ ಮತವಲ್ಲ. ತೆಗೆದುದರಿಂದ ಜ್ಞಾನ ಹೆಚ್ಚಿತೆ, ಅಥವಾ ನೋಟ ಮಾತ್ರ ಹೆಚ್ಚಿತೆ ಎಂಬುದೇ ಪ್ರಶ್ನೆ. ಅರ್ಜೆಂಟೀನಾ ಚೌಕದಲ್ಲಿ ಜ್ಞಾನ ಹೆಚ್ಚಿತು. ಆದರೂ ಸಾರ್ವಜನಿಕರು ತಗ್ಗಿನೊಳಗೆ ಇಳಿದು ದೇವಾಲಯಗಳ ನಡುವೆ ನಡೆಯುವ ವ್ಯವಸ್ಥೆಯಾದುದು ೨೦೨೩ರಲ್ಲಿ. ಅಲ್ಲಿಯವರೆಗೆ ಅದು ಮೇಲಿನಿಂದ ಇಣಿಕಿ ನೋಡುವ ಹಳ್ಳವಾಗಿಯೇ ಇತ್ತು.

ಇದೇ ಸಭಾಭವನ ಸೇರಿದ್ದ ಪಾಂಪೆಯ ರಂಗಮಂದಿರವನ್ನು ನೋಡಬೇಕಾದರೆ ಪಶ್ಚಿಮಕ್ಕೆ ನಡೆದು ಗ್ರೊಟ್ಟಾ ಪಿಂಟಾ ಬೀದಿಗೆ ಹೋಗಬೇಕು. ಕ್ರಿ. ಪೂ. ೫೫ರಲ್ಲಿ ರೋಮಿನ ಮೊದಲ ಶಾಶ್ವತ ಕಲ್ಲಿನ ರಂಗಮಂದಿರ ಎದ್ದುದು ಇಲ್ಲಿ. ಈಗ ಅಲ್ಲಿ ರಂಗಮಂದಿರವಿಲ್ಲ. ಬಾಗಿದ ಒಂದು ಮನೆಸಾಲಿದೆ. ಪ್ರೇಕ್ಷಕರ ಮೆಟ್ಟಿಲುಗಳನ್ನು ಹೊತ್ತಿದ್ದ ಗೋಡೆಗಳ ಮೇಲೆ ಮನೆಗಳು, ಅವು ಶಿಥಿಲವಾದಾಗ ಅವುಗಳ ಮೇಲೆ ಮತ್ತೆ ಮನೆಗಳು, ಹೀಗೆ ಎರಡು ಸಾವಿರ ವರ್ಷ ಆ ಅರ್ಧವೃತ್ತ ಉಳಿದು ಬಂದಿದೆ. ಹತ್ತಿರದ ಊಟದ ಮನೆಗಳ ನೆಲಮಾಳಿಗೆಗಳಲ್ಲಿ ರೋಮನ್ ಗೋಡೆಗಳನ್ನು ಕಾಣಬಹುದು. ಬಟ್ಟೆ ಒಣಗಹಾಕಿದ ಕಿಟಕಿಗಳ ಸಾಲು ಪಾಂಪೆಯ ವಾಸ್ತುವನ್ನು ಕಾಪಾಡಿದೆ. ನವೋನಾ ಚೌಕದ ಸಂಗತಿಯೂ ಇಂಥದೇ. ಡೊಮಿಷಿಯನ್ ಚಕ್ರವರ್ತಿ ಕ್ರಿ. ಶ. ೮೬ರಲ್ಲಿ ಕಟ್ಟಿಸಿದ ಓಟದ ಅಂಗಳದ ಉದ್ದನೆಯ ಆಕಾರವೇ ಈಗಿನ ಚೌಕದ ಆಕಾರ. ಬೊರ್ರೊಮಿನಿಯ ಚರ್ಚು, ೧೬೫೧ರಲ್ಲಿ ಮುಗಿದ ಬರ್ನೀನಿಯ ನಾಲ್ಕು ನದಿಗಳ ಕಾರಂಜಿ, ಎಲ್ಲವೂ ಆ ಪ್ರಾಚೀನ ಅಂಗಳದೊಳಗೇ ಹೊಂದಿಕೊಂಡಿವೆ. ಆ ನಾಲ್ಕು ನದಿಗಳಲ್ಲಿ ನಮ್ಮ ಗಂಗೆಯೂ ಒಂದು. ಶಿಲ್ಪಿ ಅದನ್ನು ಹುಟ್ಟು ಹಿಡಿದ ಪುರುಷನಾಗಿ ಕಂಡರಿಸಿದ್ದಾನೆ.

೫

ನದಿಯ ದಂಡೆಗುಂಟ ಉತ್ತರಕ್ಕೆ ಸಾಗಿದರೆ ಆಗಸ್ಟಸನ ಸಮಾಧಿ. ಕ್ರಿ. ಪೂ. ೨೮ರಲ್ಲಿ ಆರಂಭವಾದ ಈ ವೃತ್ತಾಕಾರದ ಕಟ್ಟಡ ಅನಂತರ ಕೊಲೊನ್ನಾ ಮನೆತನದ ಕೋಟೆ, ತೋಟ, ಗೂಳಿಕಾಳಗದ ಅಂಗಳ, ಕೊನೆಗೆ ೧೯೦೮ರಿಂದ ೧೯೩೬ರವರೆಗೆ ಸಂಗೀತಸಭೆಯಾಗಿತ್ತು. ಸಂಗೀತವನ್ನು ನಿಲ್ಲಿಸಿ, ಸುತ್ತಲಿನ ಪೇಟೆಯನ್ನು ಕೆಡವಿ, ಸಮಾಧಿಯನ್ನು ಒಂಟಿಯಾಗಿ ನಿಲ್ಲಿಸಿದರು. ಫಲವಾಗಿ ಅದು ದಶಕಗಳ ಕಾಲ ಬಾಗಿಲು ಹಾಕಿದ ದಿಬ್ಬವಾಗಿ ಉಳಿದು, ೨೦೨೧ರಲ್ಲಿ ಜೀರ್ಣೋದ್ಧಾರದ ಬಳಿಕ ತೆರೆಯಿತು. ಇಪ್ಪತ್ತು ಶತಮಾನಗಳ ಬಳಕೆಯನ್ನು ತಾಳಿಕೊಂಡ ಕಟ್ಟಡ ಒಂದು ಶತಮಾನದ ಗೌರವವನ್ನು ತಾಳಿಕೊಳ್ಳಲು ಕಷ್ಟಪಟ್ಟಿತು.

ಪಕ್ಕದಲ್ಲಿ ಆಗಸ್ಟಸನ ಶಾಂತಿವೇದಿಕೆಯಿದೆ. ಕ್ರಿ. ಪೂ. ೯ರಲ್ಲಿ ಪ್ರತಿಷ್ಠಿತವಾದ ಈ ವೇದಿಕೆಯ ಮೂಲಸ್ಥಾನ ಇದಲ್ಲ. ನೀರು ತುಂಬಿದ ನೆಲವನ್ನು ಹೆಪ್ಪುಗಟ್ಟಿಸಿ ೧೯೩೭–೩೮ರಲ್ಲಿ ಅಗೆದು ತೆಗೆದ ತುಂಡುಗಳನ್ನು ಇಲ್ಲಿ ತಂದು ಕೂಡಿಸಿದರು. ಅದರ ಮೇಲಿದ್ದ ಮೊರ್ಪುರ್ಗೊನ ಮಂಟಪವನ್ನು ತೆಗೆದು, ಅಮೆರಿಕದ ರಿಚರ್ಡ್ ಮೈಯರ್ ರಚಿಸಿದ ಗಾಜು ಮತ್ತು ಟ್ರಾವರ್ಟೈನಿನ ವಸ್ತುಸಂಗ್ರಹಾಲಯವನ್ನು ೨೦೦೬ರಲ್ಲಿ ತೆರೆದಾಗ ರೋಮಿನಲ್ಲಿ ದೊಡ್ಡ ವಿವಾದವೆದ್ದಿತು. ಪ್ರಾಚೀನ ನಗರಮಧ್ಯದಲ್ಲಿ ಇಂಥ ಹೊಸ ಕಟ್ಟಡ ಸಲ್ಲದೆಂಬುದು ವಿರೋಧಿಗಳ ಮಾತು. ಈ ಆಕ್ಷೇಪ ನಮಗೆ ಒಪ್ಪಿಗೆಯಾಗುವುದಿಲ್ಲ. ಅವರು ಕಾಪಾಡಬಯಸಿದ ಪ್ರಾಚೀನ ಪರಿಸರವೇ ಮುಸ್ಸೊಲಿನಿಯ ಕಾಲದ ರಚನೆ. ಮೈಯರನ ಕಟ್ಟಡದಲ್ಲಿ ವೇದಿಕೆಗೆ ಒಳ್ಳೆಯ ಬೆಳಕು ದೊರೆತಿದೆ. ಆಗಸ್ಟಸನ ಸಾಧನೆಗಳ ಲ್ಯಾಟಿನ್ ಪಾಠವನ್ನು ಕೊರೆದಿದ್ದ ಹಳೆಯ ಮಂಟಪದ ಗೋಡೆಯನ್ನೂ ಉಳಿಸಿಕೊಂಡಿದ್ದಾನೆ. ಅವನ ಕಟ್ಟಡದ ನಿಜವಾದ ದೋಷ ಬೇರೆ. ಅದರ ಮುಂದಿನ ಗೋಡೆ ಹಿಂದಿನ ಎರಡು ಚರ್ಚುಗಳಿಗೂ ನದಿಗೂ ನಡುವೆ ಅಡ್ಡ ನಿಂತಿದೆ. ಅಂದರೆ ಅದು ತಪ್ಪಿದುದು ಹೊಸದಾಗಿದ್ದುದರಿಂದಲ್ಲ, ನೆರೆಯವರನ್ನು ಗಮನಿಸದಿದ್ದುದರಿಂದ.

೬

ಪೊಪೊಲೊ ಹೆಬ್ಬಾಗಿಲನ್ನು ದಾಟಿ ಫ್ಲಮಿನಿಯಾ ದಾರಿಯಲ್ಲಿ ನಡೆದರೆ ನಗರದ ಹೊಸ ಭಾಗ. ದಾರಿ ಮಾತ್ರ ಕ್ರಿ. ಪೂ. ೨೨೦ರದು. ಇಲ್ಲಿ ೧೯೬೦ರ ಒಲಿಂಪಿಕ್ ಕ್ರೀಡೆಗಳಿಗಾಗಿ ಪಿಯೆರ್ ಲುಯಿಜಿ ನೆರ್ವಿ ಮತ್ತು ವಿಟೆಲ್ಲೋಟ್ಸಿ ೧೯೫೭ರಲ್ಲಿ ಮುಗಿಸಿದ ಚಿಕ್ಕ ಕ್ರೀಡಾಮಂದಿರವಿದೆ. ಕವಲೊಡೆದ ೩೬ ಕಾಂಕ್ರೀಟ್ ಆಧಾರಗಳ ಮೇಲೆ ಸುಮಾರು ೬೦ ಮೀಟರ್ ವ್ಯಾಸದ ಗುಮ್ಮಟ. ಹೇಡ್ರಿಯನ್ನನ ಪ್ಯಾಂಥಿಯನ್ ಗುಮ್ಮಟದ ವ್ಯಾಸ ೪೩.೩ ಮೀಟರ್, ಅದೂ ಕಾಂಕ್ರೀಟಿನದೇ, ಆದರೆ ಒಳಗೆ ಉಕ್ಕಿಲ್ಲ. ಮೇಲೇರಿದಂತೆ ಹಗುರವಾದ ಕಲ್ಲನ್ನು ಬೆರಸಿ ಪ್ರಾಚೀನರು ಭಾರವನ್ನು ಇಳಿಸಿದರು; ಮೊದಲೇ ಎರಕ ಹೊಯ್ದ ತೆಳುವಾದ ತುಂಡುಗಳನ್ನು ಜೋಡಿಸಿ ನೆರ್ವಿ ಇಳಿಸಿದನು. ಕಂಬ, ಕಮಾನುಗಳ ಅನುಕರಣೆಯಿಂದ ವಿಟ್ಟೋರಿಯೊ ಸ್ಮಾರಕ ಸಾಧಿಸಲಾರದ ರೋಮನ್ ಪರಂಪರೆಯ ಮುಂದುವರಿಕೆಯನ್ನು ಈ ಸರಳ ಮಂದಿರ ಸಾಧಿಸಿದೆ.

ಹತ್ತಿರದಲ್ಲಿಯೇ ರೆಂಜೊ ಪಿಯಾನೊ ರಚಿಸಿದ, ೨೦೦೨ರಲ್ಲಿ ತೆರೆದ ಸಂಗೀತಸಭಾಂಗಣಗಳಿವೆ. ಅಸ್ತಿಭಾರ ತೋಡುವಾಗ ಕ್ರಿ. ಪೂ. ಆರನೆಯ ಶತಮಾನದಷ್ಟು ಹಿಂದಿನ ತೋಟದಮನೆಯೊಂದರ ಅವಶೇಷಗಳು ದೊರೆತವು. ಕೆಲಸ ತಡವಾಯಿತು. ಪಿಯಾನೊ ಮೂರು ಸಭಾಂಗಣಗಳ ಜೋಡಣೆಯನ್ನೇ ಬದಲಿಸಿ, ಅವುಗಳ ನಡುವೆ ಆ ಮನೆಯ ಅಡಿಪಾಯವನ್ನು ತೆರೆದಿರಿಸಿದನು. ಸಂಗೀತ ಕೇಳಲು ಬಂದವರು ಅದನ್ನು ನೋಡಿಯೇ ಒಳಗೆ ಹೋಗುತ್ತಾರೆ. ಇಲ್ಲಿ ಹಳತನ್ನು ಬಿಡಿಸಿ ಒಂಟಿ ಮಾಡಲಿಲ್ಲ. ಹೊಸತನ್ನು ಕೈಬಿಡಲೂ ಇಲ್ಲ. ಜಹಾ ಹದೀದ್ ರಚಿಸಿದ ೨೦೧೦ರ ಕಲಾಸಂಗ್ರಹಾಲಯವೂ ಸಮೀಪದಲ್ಲಿದೆ. ಹಳೆಯ ಸೈನಿಕವಸತಿಯ ಮುಂಭಾಗವನ್ನು ಅದು ಉಳಿಸಿಕೊಂಡಿದೆಯಾದರೂ, ಹಿಂದಿನ ಕಾಂಕ್ರೀಟಿನ ಹೊರಳುಗಳಿಗೂ ಆ ಮುಂಭಾಗಕ್ಕೂ ಮಾತುಕತೆ ನಡೆದಂತೆ ತೋರುವುದಿಲ್ಲ. ಒಳಗಿನ ಅವಕಾಶಗಳ ಚೆಲುವು ನಿರ್ವಿವಾದ. ಆದರೆ ನೆಲದೊಡನೆ ಹೊಂದಿಕೊಳ್ಳುವುದರಲ್ಲಿ ಪಿಯಾನೊನ ಕೃತಿಯೇ ಮೇಲು.

೭

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದು: ಸ್ಮಾರಕದ ಕಾಲ ಬೇರೆ, ಅದನ್ನು ನಾವು ನೋಡುತ್ತಿರುವ ನೋಟದ ಕಾಲ ಬೇರೆ, ಎರಡನ್ನೂ ಗುರುತಿಸದ ವರ್ಣನೆ ಅಪೂರ್ಣ. ಎರಡನೆಯದು: ಕೆಡವುವುದೂ ಕಟ್ಟುವುದರಂತೆಯೇ ಒಂದು ಐತಿಹಾಸಿಕ ಕಾರ್ಯ. ಯಾರು, ಯಾವಾಗ, ಯಾರ ಮನೆ ಅಂಗಡಿಗಳನ್ನು, ಯಾವ ಉದ್ದೇಶಕ್ಕಾಗಿ ತೆಗೆದರೆಂಬುದು ಸ್ಮಾರಕದ ಚರಿತ್ರೆಯ ಅಂಗವಾಗಬೇಕು. ಮೂರನೆಯದು: ಆಧುನಿಕ ವಾಸ್ತುವನ್ನು ಅದರ ಹೊಸತನಕ್ಕಾಗಿ ಹೊಗಳುವುದೂ ತೆಗಳುವುದೂ ವ್ಯರ್ಥ, ತಾನು ಬಂದ ಸ್ಥಳದ ಹಿಂದಿನವರಿಗೆ ಅದು ಎಷ್ಟು ಎಡೆ ಕೊಟ್ಟಿತು ಎಂಬುದೇ ಅಳತೆಗೋಲು.

ರೋಮಿನ ಇತಿಹಾಸವನ್ನು ಬೋಧಿಸುವ ಅಧ್ಯಾಪಕರು ೪೭೬ರಲ್ಲಿ ಪುಟ ತಿರುವುವ ಮುಂಚೆ, ನೊಲ್ಲಿಯ ನಕ್ಷೆಯನ್ನೂ ಇಂದಿನ ನಗರದ ನಕ್ಷೆಯನ್ನೂ ಅಕ್ಕಪಕ್ಕದಲ್ಲಿ ಹರಡಿ ವಿದ್ಯಾರ್ಥಿಗಳಿಗೆ ತೋರಿಸುವುದು ಒಳ್ಳೆಯದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಬೀದಿಗಳನ್ನು ಅವರೇ ಗುರುತಿಸಲಿ. ಆ ಬೀದಿಗಳಲ್ಲಿ ಯಾರಿದ್ದರು, ಅವರೆಲ್ಲಿಗೆ ಹೋದರು ಎಂದು ಅವರೇ ಕೇಳಲಿ. ರೋಮಿನ ಇತಿಹಾಸದ ಅಭ್ಯಾಸಕ್ಕೆ ಅದಕ್ಕಿಂತ ಉತ್ತಮವಾದ ಆರಂಭ ನಮಗೆ ತೋರುವುದಿಲ್ಲ.